ಉಬ್ಬಿದ ಕಲೆ

ಎದೆಯ ಮೇಲಣ ಗಾಯದ ವಿಚಾರವನ್ನು ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಬರೆಯಬಹುದೇ ಎಂದು ಕೆಲವರು ಹುಬ್ಬುಗಂಟಿಕ್ಕಬಹುದು. ಹೊಟ್ಟೆನೋವು, ಮೊಣಕಾಲು ನೋವುಗಳನ್ನು ಕುರಿತು ಗಂಟೆಗಟ್ಟಲೆ ಮಾತನಾಡುವ ನಾವು ಎದೆಯ ಮಾತು ಬಂದೊಡನೆ ಸೆರಗನ್ನು ಸರಿಮಾಡಿಕೊಂಡು ಸುಮ್ಮನಾಗುವೆವು. ಆ ಮೌನದೊಳಗೆ ನರಳುತ್ತಿರುವವರು ಹಲವರಿರುವರಾದ ಕಾರಣ ಬರೆಯಲು ತೊಡಗಿದ್ದೇನೆ.

ಶಸ್ತ್ರಚಿಕಿತ್ಸೆಯಿಂದ ನನ್ನ ಸ್ತನಗಳ ಗಾತ್ರವನ್ನು ತಗ್ಗಿಸಿಕೊಂಡುದು 2021ರಲ್ಲಿ. ಕತ್ತು ಬೆನ್ನುಗಳ ನೋವು ಬಹುಕಾಲದ್ದು. ಒಳರವಿಕೆಯ ಪಟ್ಟಿಗಳು ಹೆಗಲಿನಲ್ಲಿ ಹಳ್ಳ ಕೊರೆದಿದ್ದುವು. ಆದರೂ ಲೋಕವು ಇದನ್ನು ಸೌಂದರ್ಯಚಿಕಿತ್ಸೆ ಎಂದೇ ಕರೆಯುವುದು. ಅಂದವಾಗಿ ಕಾಣಬೇಕೆಂಬ ಆಸೆಯೂ ನನಗೆ ಇರಲಿಲ್ಲವೇ ಎಂದರೆ, ಇದ್ದಿತು. ಅದರಲ್ಲಿ ಅಪರಾಧವೇನೆಂಬುದನ್ನು ನಾನರಿಯೆ.

ನೋವು ಹೋಯಿತು. ಗಾಯಗಳೂ ತೆಳುವಾದ ಗೆರೆಗಳಾಗಿ ಕೂಡಿಕೊಂಡುವು. ಆದರೆ ಎರಡನೆಯ ತಿಂಗಳಿನಲ್ಲಿ ಸ್ತನದ ಕೆಳಮಡಿಕೆಯ ಗೆರೆಯು ಕೆಂಪೇರಿ ಹುರಿಹಗ್ಗದಂತೆ ಉಬ್ಬಿತು. ಎದೆಯ ನಡುಮೂಳೆಯ ಕಡೆಗಿದ್ದ ತುದಿಯು ಎಲ್ಲಕ್ಕಿಂತ ದಪ್ಪವಾಯಿತು. ನೋಟಕ್ಕಿಂತ ತುರಿಕೆಯೇ ದುಸ್ಸಹವಾಗಿದ್ದಿತು. ಬಟ್ಟೆ ಸೋಕಿದರೂ ಚುಳುಕ್ಕೆನ್ನುವುದು. ರಾತ್ರಿ ಎರಡು ಗಂಟೆಯವರೆಗೂ ನಿದ್ರೆಯಿಲ್ಲ.

ಅತ್ತೆಯವರು ಕೊಬ್ಬರಿ ಎಣ್ಣೆಯಲ್ಲಿ ಅರಿಸಿನವನ್ನು ಕಲಸಿ ತಂದು, “ನೀನಾಗಿ ಕೊಯ್ಸಿಕೊಂಡದ್ದಲ್ಲವೇನಮ್ಮಾ? ಇನ್ನು ಸಹಿಸ್ಕೋಬೇಕು” ಎಂದರು. ಅವರ ಮನಸ್ಸಿನಲ್ಲಿ ಕೆಡುಕಿರಲಿಲ್ಲ. ಆದರೂ ಆ ಮಾತು ತುರಿಕೆಗಿಂತ ಹೆಚ್ಚಾಗಿ ಕೊರೆಯಿತು. ತಾನಾಗಿ ಬಯಸಿ ಮಾಡಿಸಿಕೊಂಡ ಚಿಕಿತ್ಸೆಯಾದರೆ ನೋವನ್ನು ಹೇಳಿಕೊಳ್ಳುವ ಹಕ್ಕೂ ಹೋಗುವುದೇ?

ಒಂದು ಚಿಕಿತ್ಸಾಲಯದಲ್ಲಿ, ಉಬ್ಬನ್ನು ಕೊಯ್ದು ತೆಗೆದು ಮರುದಿನವೇ ಮನೆಗೆ ಕಳುಹಿಸುವೆವು ಎಂದರು. ನನ್ನ ಪುಣ್ಯ, ಕೈಯಲ್ಲಿ ಅಷ್ಟು ಹಣವಿರಲಿಲ್ಲ. ಅನಂತರ ನಾನು ಕಂಡ ಚರ್ಮವೈದ್ಯೆಯು ಸಾವಧಾನವಾಗಿ ವಿವರಿಸಿದರು. ಉಬ್ಬುಗಲೆಗಳಲ್ಲಿ ಎರಡು ಬಗೆ. ಒಂದು ಗಾಯದ ಎಲ್ಲೆಯೊಳಗೇ ಉಬ್ಬಿ, ವರ್ಷವೋ ಎರಡು ವರ್ಷವೋ ಕಳೆದಂತೆ ಬಹುಮಟ್ಟಿಗೆ ತಾನೇ ತಗ್ಗುವುದು. ಇನ್ನೊಂದು ಎಲ್ಲೆಯನ್ನು ದಾಟಿ ಒಳ್ಳೆಯ ಚರ್ಮದ ಮೇಲೂ ಹಬ್ಬುವುದು, ತಾನಾಗಿ ಅಡಗುವುದಿಲ್ಲ. ಅದು ಏಡಿಯ ಕಾಲುಗಳಂತೆ ಸುತ್ತಲೂ ಚಾಚುವುದನ್ನು ಕಂಡು ಫ್ರೆಂಚ್ ವೈದ್ಯನಾದ ಆಲಿಬೇರ್ ಎಂಬಾತನು 19ನೆಯ ಶತಮಾನದ ಆದಿಯಲ್ಲಿ ಗ್ರೀಕ್ ಮಾತಿನಿಂದ ಕೀಲಾಯ್ಡ್ ಎಂಬ ಹೆಸರನ್ನಿಟ್ಟನು. ಗಾಯವು ಕೂಡಿದ ಮೇಲೂ ದೇಹವು ಕೊಲಾಜನ್ ಎಂಬ ನಾರನ್ನು ನಿಲ್ಲಿಸದೆ ನೇಯುತ್ತಿರುವುದೇ ಇದರ ಕಾರಣ. ನಡುಎದೆ, ಹೆಗಲು, ಕಿವಿಯ ಹಾಲೆ ಇದಕ್ಕೆ ಪ್ರಿಯವಾದ ಸ್ಥಳಗಳು. ಕಪ್ಪು ಮೈಬಣ್ಣದವರಲ್ಲಿ ಇದು ಹೆಚ್ಚು. ನನ್ನಲ್ಲಿ ಎರಡೂ ಬಗೆ ಇದ್ದುವು: ಗೆರೆಯೆಲ್ಲ ಮೊದಲನೆಯದು, ಒಳತುದಿ ಮಾತ್ರ ಕೀಲಾಯ್ಡ್.

“ಬರಿದೇ ಕೊಯ್ದರೆ ಅರ್ಧದಷ್ಟು ಮಂದಿಗಾದರೂ ಮತ್ತೆ ಬರುತ್ತೆ, ಕೆಲವರಿಗೆ ಮೊದಲಿಗಿಂತ ದೊಡ್ಡದಾಗಿ” ಎಂದರು ಆಕೆ. ಕೊಯ್ದ ಬಳಿಕ ವಿಕಿರಣ ಕೊಡುವ ಪದ್ಧತಿಯುಂಟು. ಆದರೆ ಸ್ತನದ ನೆರೆಯಲ್ಲಿ ಅದಕ್ಕೆ ವೈದ್ಯರು ಸುಲಭವಾಗಿ ಕೈಹಾಕುವುದಿಲ್ಲ.

ನನಗೆ ವಿಧಿಸಿದುದು ಸಿಲಿಕೋನ್ ಹಾಳೆ. ಮೆತ್ತಗೆ ಅಂಟುವ ಆ ತೆಳುಪಟ್ಟಿಯನ್ನು ಪೂರ್ಣವಾಗಿ ಮಾಗಿದ ಗಾಯದ ಮೇಲೆ ದಿನಕ್ಕೆ 12 ಗಂಟೆಗೆ ಕಡಿಮೆಯಿಲ್ಲದೆ, ಕನಿಷ್ಠ 3 ತಿಂಗಳು ಇಟ್ಟುಕೊಳ್ಳತಕ್ಕದ್ದು. ಚರ್ಮದ ತೇವವು ಆರಿಹೋಗದಂತೆ ತಡೆಯುವುದೇ ಅದರ ಮುಖ್ಯ ಕೆಲಸವೆನ್ನುವರು. ನಮ್ಮ ಬೇಸಗೆಯ ಬೆವರಿನಲ್ಲಿ ಇದು ತಪಸ್ಸೇ ಸರಿ. ಅಡಿಯಲ್ಲಿ ಬೆವರುಸಾಲೆ ಎದ್ದರೆ ಒಂದೆರಡು ದಿನ ಬಿಡಬೇಕು. ಒಳತುದಿಗೆ ಟ್ರಯಾಮ್ಸಿನೊಲೋನ್ ಎಂಬ ಸ್ಟಿರಾಯ್ಡ್ ಮದ್ದನ್ನು ನಾಲ್ಕರಿಂದ ಆರು ವಾರಗಳಿಗೊಮ್ಮೆ ಸೂಜಿಯಿಂದ ಉಬ್ಬಿನೊಳಕ್ಕೇ ಹಾಕಿದರು. ಗಟ್ಟಿಯಾದ ನಾರಿನೊಳಕ್ಕೆ ಮದ್ದು ಇಳಿಯುವಾಗಿನ ನೋವನ್ನು ಮರೆಮಾಚಿ ಬರೆಯಲಾರೆ, ಹಲ್ಲು ಕಚ್ಚಿಕೊಳ್ಳಬೇಕಾಯಿತು. ಆದರೆ ಎರಡನೆಯ ಸೂಜಿಯ ಬಳಿಕ ತುರಿಕೆಯು ಅಡಗಿ, ಎಷ್ಟೋ ತಿಂಗಳ ಮೇಲೆ ಬೆಳಗಿನವರೆಗೆ ಮಲಗಿದೆನು. ಮದ್ದು ಅತಿಯಾದರೆ ಚರ್ಮವು ತೆಳುವಾಗಿ ಬಿಳಿಚಿಕೊಳ್ಳುವುದುಂಟು. ನನಗೂ ಕಾಸಿನಗಲದ ಬಿಳಿಮಚ್ಚೆಯೊಂದು ಉಳಿದಿದೆ. ವಿಟಮಿನ್ ‘ಇ’ ಎಣ್ಣೆಯನ್ನು ತಿಕ್ಕೆಂದು ಬಂಧುಗಳು ಹೇಳದಿದ್ದ ದಿನವಿಲ್ಲ. ಅದರಿಂದ ಕಲೆ ತಗ್ಗುವುದೆಂಬುದು ಪರೀಕ್ಷೆಗಳಲ್ಲಿ ಸಿದ್ಧವಾಗಿಲ್ಲ, ಕೆಲವರಿಗೆ ಗಂಧೆ ಏಳುವುದು.

ಹಾಳೆಯನ್ನು ದಿನವೂ ಮೃದುವಾದ ಸಾಬೂನಿನಿಂದ ತೊಳೆದು ಗಾಳಿಗೆ ಒಣಗಿಸಿದರೆ ಅಂಟು ಮರಳುವುದು. ಒಂದು ದಿನ ನೋಡುವೆನು, ಅತ್ತೆಯವರು ನಾನು ಹೇಳದೆಯೇ ಅದನ್ನು ತೊಳೆದು ಸ್ಟೀಲ್ ತಟ್ಟೆಯ ಮೇಲೆ ಹಪ್ಪಳದಂತೆ ಹರಡಿದ್ದರು. ಆ ಮೇಲೆ ಆ ಕೆಲಸವನ್ನು ನನಗೆ ಬಿಡಲೇ ಇಲ್ಲ. ಹಿಂದಿನ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ವರ್ಷ ತುಂಬುವ ಹೊತ್ತಿಗೆ ಗೆರೆಗಳು ಚಪ್ಪಟೆಯಾಗಿ ಬಣ್ಣ ಮಾಸಿದುವು. ಒಳತುದಿಯಲ್ಲಿ ಬೆರಳಗಿಣ್ಣಿನಷ್ಟು ಉಬ್ಬು ಇಂದಿಗೂ ಇದೆ; ಮೋಡದ ದಿನಗಳಲ್ಲಿ ತುಸು ತುರಿಸುವುದು. ಅದನ್ನು ಹಾಗೆಯೇ ಬಿಟ್ಟಿದ್ದೇನೆ.

ಈ ಸ್ವಭಾವವು ವಂಶದಲ್ಲಿ ಇಳಿದುಬರುವುದುಂಟೆಂದು ವೈದ್ಯೆಯು ಹೇಳಿದ್ದರು. ಹದಿನಾರು ತುಂಬಿದ ಮಗಳು ಕಿವಿಯ ಮೇಲಂಚಿನಲ್ಲಿ ಇನ್ನೊಂದು ಚುಚ್ಚಿಸಿಕೊಳ್ಳಬೇಕೆಂದು ಹಟಹಿಡಿದಿದ್ದಾಳೆ. “ಹಾಲೆಯಲ್ಲಿ ಚುಚ್ಚಿದಾಗ ಏನೂ ಆಗಲಿಲ್ಲವಲ್ಲಮ್ಮಾ” ಎಂಬುದು ಅವಳ ವಾದ. ಅಜ್ಜಿಯು ಅವಳ ಪಕ್ಷ. ವ್ಯಾಜ್ಯವು ಇನ್ನೂ ತೀರ್ಮಾನವಾಗಿಲ್ಲ.