ಒಲೆ, ತಂತಿ, ಬೇಲಿ

ಗೃಹಸ್ಥನಾದವನಿಗೆ ಮನೆಯೆಂಬುದು ನಾಲ್ಕು ಗೋಡೆಗಳೂ ಒಂದು ಮಾಡೂ ಮಾತ್ರವಲ್ಲ. ಬಚ್ಚಲಿನ ಬೆಂಕಿ, ಗೋಡೆಯೊಳಗಣ ವಿದ್ಯುತ್ತು, ಹಿತ್ತಲಿನ ಬೇಲಿ ಈ ಮೂರೂ ತಮ್ಮ ತಮ್ಮ ಮೇರೆಯಲ್ಲಿದ್ದರೆ ಮನೆಯಲ್ಲಿ ನೆಮ್ಮದಿಯುಂಟು. ಇವುಗಳಲ್ಲಿ ಯಾವುದೊಂದು ಮೇರೆ ಮೀರಿದರೂ ಪ್ರಾಣಕ್ಕೋ ಧನಕ್ಕೋ ನೆರೆಯವರ ಸ್ನೇಹಕ್ಕೋ ಹಾನಿ ತಪ್ಪದು. ನಾವು ತುಮಕೂರಿನಲ್ಲಿ ಸಂಸಾರ ಹೂಡಿರುವವರು. ಹಿರಿಯರ ತೆಂಗಿನ ತೋಟ ಗುಬ್ಬಿಯ ಸೀಮೆಯಲ್ಲಿದೆ. ಬೀಗರ ಮನೆ ಕುಣಿಗಲಿನ ಕಡೆಯದು. ಈ ಮೂರೂರುಗಳ ನಡುವೆ ಓಡಾಡುತ್ತ ಕಣ್ಣಾರೆ ಕಂಡುದನ್ನೂ, ತಿಳಿದವರಿಂದ ಕೇಳಿ ಮನನ ಮಾಡಿದುದನ್ನೂ ವಾಚಕರ ಮುಂದಿಡುವುದು ನಮ್ಮ ಉದ್ದೇಶ.

ತುಮಕೂರು ಸಮುದ್ರಮಟ್ಟದಿಂದ ಸುಮಾರು ೮೦೦ ಮೀಟರು ಎತ್ತರದಲ್ಲಿದೆ. ಧನುರ್ಮಾಸದ ಬೆಳಗಿನಲ್ಲಿ ಇಲ್ಲಿನ ಚಳಿ ಹಿಮದ ದೇಶಗಳ ಚಳಿಯಲ್ಲವಾದರೂ, ತಣ್ಣೀರಿನ ತಂಬಿಗೆಯನ್ನು ಕಂಡು ಹಿಂಜರಿಯುವಷ್ಟು ಉಂಟು. ಆದುದರಿಂದ ನಮ್ಮಲ್ಲಿ ಮನೆಯನ್ನು ಬೆಚ್ಚಗಿಡುವ ಕಾರ್ಯವು ಎರಡೇ ಸ್ಥಳಗಳಿಗೆ ಸೇರಿದ್ದು: ಒಂದು ಬಚ್ಚಲು, ಇನ್ನೊಂದು ಬಾಣಂತಿಯ ಕೋಣೆ. ತೋಟವುಳ್ಳವರ ಮನೆಯಲ್ಲಿ ಹಂಡೆಯ ಒಲೆಗೆ ಮಟ್ಟೆ, ಕರಟ, ಒಣಗಿದ ಹೊಂಬಾಳೆ, ಗರಿ ಯಾವುದಕ್ಕೂ ಕೊರತೆಯಿಲ್ಲ. ಒಲೆಯ ಹೊಗೆ ಹೊರಗೆ ಹೋಗಲು ಗೂಡಿದ್ದರೆ ಆ ಒಲೆಯನ್ನು ನಾವು ನಿಂದಿಸುವುದಿಲ್ಲ. ಆದರೆ ಮಟ್ಟೆಯನ್ನೆಲ್ಲ ಒಲೆಗೇ ಒಡ್ಡದೆ ಅರ್ಧವನ್ನಾದರೂ ತೆಂಗಿನ ಬುಡದ ಪಾತಿಯಲ್ಲಿ ಹೂಳಿದರೆ, ಬೇಸಗೆಯಲ್ಲಿ ಅದು ತೇವವನ್ನು ಹಿಡಿದಿಟ್ಟು ಮರವನ್ನು ಕಾಯುತ್ತದೆ.

ಬಾಣಂತಿಯ ಕೋಣೆಯ ವಿಷಯ ಬೇರೆ. ಕಳೆದ ಮಾಗಿಯಲ್ಲಿ ನಮ್ಮ ಬಂಧುಗಳೊಬ್ಬರ ಮನೆಗೆ ಕೂಸನ್ನು ನೋಡಲು ಹೋಗಿದ್ದೆವು. ಕಿಟಕಿಗೆ ಕಂಬಳಿ, ಬಾಗಿಲಿನ ಸಂದಿಗೆ ಹಳೆಯ ಸೀರೆ, ಮಂಚದ ಕೆಳಗೆ ಇಜ್ಜಲಿನ ಅಗ್ಗಿಷ್ಟಿಕೆ. ತಾಯಿಯು ತಲೆನೋವೆಂದು ಹಣೆಯನ್ನು ಒತ್ತಿಕೊಳ್ಳುತ್ತಿದ್ದಳು. ಕೂಸು ಹಾಲಿಗೂ ಏಳದೆ ಮಲಗಿತ್ತು. ನಾವು ಬಾಗಿಲನ್ನು ತೆರೆಯಲು ಹೋದಾಗ ಮನೆಯ ಹಿರಿಯಾಕೆ, "ಬೇಡಪ್ಪಾ, ಬಾಣಂತಿಗೆ ಥಂಡಿ ತಗಲಬಾರದು" ಎಂದು ತಡೆದರು. "ಅಮ್ಮಾ, ಥಂಡಿಗೆ ಇನ್ನೊಂದು ಕಂಬಳಿ ಹೊದಿಸೋಣ, ಉಸಿರಿಗೆ ಬದಲಿ ಯಾವುದನ್ನು ತರೋಣ?" ಎಂದು ಹೇಳಿ ಅಗ್ಗಿಷ್ಟಿಕೆಯನ್ನು ಅಂಗಳಕ್ಕೆ ಸಾಗಿಸಿ, ತಾಯಿಮಗುವನ್ನು ಪಡಸಾಲೆಗೆ ಕರೆತಂದು, ಕೂಡಲೇ ವೈದ್ಯರಲ್ಲಿಗೆ ಕಳುಹಿಸಿದೆವು. ದೈವಕೃಪೆಯಿಂದ ಇಬ್ಬರೂ ಸುಖವಾಗಿದ್ದಾರೆ.

ಇದರ ಕಾರಣವನ್ನು ಪ್ರತಿಯೊಬ್ಬ ಗೃಹಿಣಿಯೂ ತಿಳಿದಿರತಕ್ಕದ್ದು. ಇಜ್ಜಲು ಸಾಕಷ್ಟು ಗಾಳಿಯಿಲ್ಲದ ಕಡೆ ಉರಿದಾಗ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಪ್ರಾಣವಾಯುವಿಗಿಂತ ಇನ್ನೂರು ಪಟ್ಟಿಗೂ ಮೀರಿದ ಬಲದಿಂದ ಅದು ರಕ್ತವನ್ನು ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ಬಳಿಕ ವಾಕರಿಕೆ, ಆಮೇಲೆ ನಿದ್ರೆ. ಆ ನಿದ್ರೆಯಿಂದ ಏಳದವರೂ ಉಂಟು. ಸಾಂಬ್ರಾಣಿಯ ಧೂಪಕ್ಕೆ ಕೆಂಡ ಬೇಕಾದರೆ ಬಾಗಿಲು ತೆರೆದಿಟ್ಟು ಹಾಕಿ, ಕೆಂಡವನ್ನು ಆಗಲೇ ಹೊರಗೆ ಒಯ್ಯಬೇಕು. ಪಟ್ಟಣದ ಕಿರಿದಾದ ಬಚ್ಚಲುಗಳಲ್ಲಿ ಗೋಡೆಗೆ ತೂಗಹಾಕುವ ಗ್ಯಾಸಿನ ಗೀಸರಿಗೂ ಇದೇ ಮಾತು ಸಲ್ಲುತ್ತದೆ. ಅದು ಬಚ್ಚಲಿನ ಹೊರಗೆ, ಗಾಳಿಯಾಡುವ ಸ್ಥಳದಲ್ಲಿರಬೇಕು. ನೀರು ಮಾತ್ರ ಕೊಳವೆಯಲ್ಲಿ ಒಳಗೆ ಬರಲಿ.

ಇನ್ನು ವಿದ್ಯುತ್ತಿನ ವಿಷಯ. ೧೯೦೨ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಕೋಲಾರದ ಚಿನ್ನದ ಗಣಿಗೆ ಹೋಯಿತು. ೧೯೦೫ರಲ್ಲಿ ಬೆಂಗಳೂರಿನ ಬೀದಿಯ ದೀಪವಾಯಿತು. ಇಂದು ನಮ್ಮ ಜಿಲ್ಲೆಯ ಪಾವಗಡದಲ್ಲಿಯೇ ೨,೦೫೦ ಮೆಗಾವಾಟ್ ಸಾಮರ್ಥ್ಯದ ಸೌರ ಸ್ಥಾವರವುಂಟು. ೨೦೨೩ರಲ್ಲಿ ಬಂದ ಗೃಹಜ್ಯೋತಿ ಯೋಜನೆಯಿಂದ ಅನೇಕರ ಮನೆಗೆ ಸೊನ್ನೆಯ ಬಿಲ್ಲು ಬರುವುದೂ ಉಂಟು. ಬಿಲ್ಲು ಸೊನ್ನೆಯಾದ ಮಾತ್ರಕ್ಕೆ ಅಪಾಯವೂ ಸೊನ್ನೆಯಾಗುವುದಿಲ್ಲವಷ್ಟೆ.

ಒಂದು ಸಣ್ಣ ಲೆಕ್ಕವನ್ನು ನೋಡೋಣ. ೨೦ ಲೀಟರು ನೀರಿನ ಬಿಸಿಯನ್ನು ೨೦ ಡಿಗ್ರಿ ಏರಿಸಲು ಸುಮಾರು ಅರ್ಧ ಯೂನಿಟ್ ವಿದ್ಯುತ್ತು ಬೇಕು. ೨,೦೦೦ ವಾಟಿನ ಗೀಸರು ಈ ಕೆಲಸವನ್ನು ಕಾಲು ಗಂಟೆಯಲ್ಲಿ ಮುಗಿಸುತ್ತದೆ. ಆದರೆ ೨೩೦ ವೋಲ್ಟಿನಲ್ಲಿ ಅದು ಎಳೆಯುವ ಪ್ರವಾಹ ೮ ಆಂಪಿಯರಿಗೂ ಹೆಚ್ಚು. ದೀಪಕ್ಕೆಂದು ಎಳೆದ ೧ ಅಥವಾ ೧.೫ ಚದರ ಮಿಲಿಮೀಟರಿನ ತಂತಿಗೂ ೬ ಆಂಪಿಯರಿನ ಸಣ್ಣ ಸಾಕೆಟ್ಟಿಗೂ ಇದನ್ನು ಸಿಕ್ಕಿಸುವುದು, ಎಳೆಗರುವಿಗೆ ಗಾಡಿಯ ನೊಗ ಹೂಡಿದಂತೆ. ಗೀಸರಿಗೆ ಮುಖ್ಯ ಫಲಕದಿಂದಲೇ ಪ್ರತ್ಯೇಕವಾದ ೪ ಚದರ ಮಿಲಿಮೀಟರಿನ ತಾಮ್ರದ ತಂತಿ, ೧೬ ಆಂಪಿಯರಿನ ಸಾಕೆಟ್ಟು, ಪ್ರತ್ಯೇಕ ಎಂ.ಸಿ.ಬಿ. ಇರಬೇಕು. ನೀರು ಕಾದ ಮೇಲೆ ಸ್ವಿಚ್ಚನ್ನು ಆರಿಸಿಯೇ ಸ್ನಾನಕ್ಕೆ ಇಳಿಯುವುದು ಕ್ಷೇಮ. ಬಕೆಟ್ಟಿನಲ್ಲಿ ಅದ್ದುವ ಕಾಯಿಲನ್ನು ನೀರಿಗಿಳಿಸಿದ ಮೇಲೆ ಸ್ವಿಚ್ಚು ಹಾಕಬೇಕು, ಸ್ವಿಚ್ಚು ಆರಿಸಿ ಪ್ಲಗ್ಗನ್ನು ಕಿತ್ತ ಮೇಲೆ ಹೊರತೆಗೆಯಬೇಕು. ನೀರು ಕಾದಿದೆಯೇ ಎಂದು ಬೆರಳನ್ನದ್ದಿ ನೋಡುವ ಚಾಪಲ್ಯ ಕೂಡದು. ನಮ್ಮ ಕೊಳವೆಬಾವಿಯ ಗಡಸು ನೀರು ಗೀಸರಿನ ಕಂಬಿಯ ಮೇಲೆ ಸುಣ್ಣದ ಚಕ್ಕೆಯನ್ನು ಕಟ್ಟುತ್ತದೆ. ವರ್ಷಕ್ಕೊಮ್ಮೆ ಅದನ್ನು ತೆಗೆಸದಿದ್ದರೆ ವಿದ್ಯುತ್ತೂ ಹೆಚ್ಚು ವ್ಯಯವಾಗಿ ಕಂಬಿಯೂ ಸುಡುತ್ತದೆ. ಮಾಳಿಗೆಯ ಮೇಲೆ ದಕ್ಷಿಣಾಭಿಮುಖವಾದ ಬಿಸಿಲು ದೊರೆಯುವವರಿಗೆ ೧೦೦ ಲೀಟರಿನ ಸೌರ ಹಂಡೆಯು ಮೂರು ನಾಲ್ಕು ಜನರ ಸ್ನಾನಕ್ಕೆ ಸಾಕಾಗುತ್ತದೆ.

ತಂತಿಯ ವಿಷಯದಲ್ಲಿ ನಮ್ಮ ಸೀಮೆಗೇ ವಿಶೇಷವಾದ ಅಪಾಯವೊಂದುಂಟು. ಗುಬ್ಬಿ ಮತ್ತು ತಿಪಟೂರಿನ ಕಡೆ ಉಂಡೆ ಕೊಬ್ಬರಿಗೆಂದು ತೆಂಗಿನಕಾಯಿಯನ್ನು ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಪೇರಿಸಿಡುವರು. ಅಟ್ಟವೆಂದರೆ ಇಲಿಗಳ ರಾಜ್ಯ. ಇಲಿಗೆ ತಂತಿಯ ಹೊದಿಕೆಯನ್ನು ಕಡಿಯುವುದು ಒಂದು ವ್ಯಸನ. ಒಣಗಿದ ಮಟ್ಟೆ, ಎಣ್ಣೆಯುಳ್ಳ ಕೊಬ್ಬರಿ, ಬತ್ತಲಾದ ತಂತಿ ಈ ಮೂರೂ ಒಂದೆಡೆ ಸೇರಿದರೆ ವರ್ಷದ ಬೆಳೆಯೂ ಮನೆಯೂ ಒಂದೇ ರಾತ್ರಿಯಲ್ಲಿ ಬೂದಿಯಾಗಬಹುದು. ಆದಕಾರಣ ಅಟ್ಟದ ಮೇಲೆ ಹಾಯುವ ತಂತಿಯನ್ನೆಲ್ಲ ಕೊಳವೆಯೊಳಗೆ ಎಳೆಸಿ, ಅಟ್ಟಕ್ಕೆ ಪ್ರತ್ಯೇಕ ಸ್ವಿಚ್ಚನ್ನು ಇಡಿಸಬೇಕು. ಕಾಯಿಯ ರಾಶಿಯ ಮೇಲೆ ದೀಪದ ಬುರುಡೆಯನ್ನು ಇಳಿಬಿಡಬಾರದು.

ಭೂಸಂಪರ್ಕವನ್ನು ಅನೇಕರು ಗುತ್ತಿಗೆದಾರನ ಆಡಂಬರವೆಂದು ತಿಳಿಯುತ್ತಾರೆ. ಯಂತ್ರದ ಲೋಹಕ್ಕೆ ಸೋರಿದ ವಿದ್ಯುತ್ತು ನಮ್ಮ ದೇಹವನ್ನು ಬಿಟ್ಟು ನೆಲಕ್ಕಿಳಿಯುವ ದಾರಿ ಅದೇ. ಇದ್ದಲು ಮತ್ತು ಉಪ್ಪು ತುಂಬಿದ ಆ ಗುಂಡಿಯು ನಮ್ಮ ಒಣ ನೆಲದಲ್ಲಿ ಬೇಸಗೆಗೆ ಬತ್ತಿಹೋಗುತ್ತದೆ. ತಿಂಗಳಿಗೆರಡು ಬಾರಿ ಎರಡು ಕೊಡ ನೀರನ್ನು ಹೊಯ್ಯಬೇಕು. ಇದರೊಡನೆ ೩೦ ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಎಂಬ ಸಾಧನವನ್ನು ಹಾಕಿಸಿದರೆ, ಸೋರಿಕೆ ಕಂಡೊಡನೆ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಪ್ರವಾಹವನ್ನು ಕಡಿಯುತ್ತದೆ. ಯಾರಿಗಾದರೂ ವಿದ್ಯುತ್ತು ತಗಲಿದರೆ ಅವರನ್ನು ಮುಟ್ಟದೆ ಮೊದಲು ಮುಖ್ಯ ಸ್ವಿಚ್ಚನ್ನು ಆರಿಸಬೇಕೆಂಬುದನ್ನು ಮಕ್ಕಳಿಗೂ ಕಲಿಸಿರಬೇಕು.

ವಿದ್ಯುತ್ತೂ ಬೇಲಿಯೂ ಕೂಡಿದಾಗ ಆಗುವ ಅನರ್ಥವನ್ನು ಕುಣಿಗಲಿನ ಕಡೆ ಕೇಳಿದೆವು. ರಾಗಿಯ ಹೊಲಕ್ಕೆ ಕಾಡುಹಂದಿ ನುಗ್ಗುವುದೆಂದು ರೈತನೊಬ್ಬನು ಪಂಪಿನ ಮನೆಯಿಂದ ಬೇಲಿಯ ತಂತಿಗೆ ನೇರವಾಗಿ ವಿದ್ಯುತ್ತನ್ನು ಕೊಡಲು ಹೊರಟಿದ್ದನಂತೆ. ಅವನ ಹೆಂಡತಿಯು, "ರಾತ್ರಿ ಪಾಳಿಯಲ್ಲಿ ಕರೆಂಟು ಬಂದಾಗ ಮೋಟಾರು ಹಾಕಲು ಕತ್ತಲಲ್ಲಿ ಓಡುವವನು ಹಂದಿಯೋ ನಮ್ಮ ಮಗನೋ?" ಎಂದು ಕೇಳಿದಳಂತೆ. ಆ ಒಂದು ಮಾತು ಕೆಲಸವನ್ನು ನಿಲ್ಲಿಸಿತು. ಮನೆಯ ಅಥವಾ ಪಂಪಿನ ವಿದ್ಯುತ್ತನ್ನು ಬೇಲಿಗೆ ಕೊಡುವುದು ಅಪರಾಧ. ಸತ್ತವನು ಕಳ್ಳನೇ ಆಗಿದ್ದರೂ ಕೊಟ್ಟವನು ಸೆರೆಮನೆಯನ್ನು ಕಾಣಬೇಕಾದೀತು. ಕ್ಷಣಮಾತ್ರದ ಹೊಡೆತವನ್ನು ಬಿಟ್ಟು ಬಿಟ್ಟು ಕೊಡುವ, ನಿಯಮಕ್ಕೆ ಒಳಪಟ್ಟ ಸೌರ ಬೇಲಿಯ ಯಂತ್ರಗಳು ಬೇರೆಯೇ ಇವೆ.

ಕಡೆಯದಾಗಿ ಎಲ್ಲೆಯ ಮಾತು. ನಮ್ಮ ಗುಬ್ಬಿಯ ತೋಟದ ಮಗ್ಗುಲಲ್ಲಿ ಅಣ್ಣತಮ್ಮಂದಿರಿಬ್ಬರ ತೋಟಗಳಿವೆ. ನಡುವೆ ಒಂದು ಬದು. ಬದುವಿನ ಮೇಲೆ ಕತ್ತಾಳೆಯ ಸಾಲು. ಬದು ತನ್ನ ಕಡೆಗೆ ಸರಿದಿದೆಯೆಂದು ಇಬ್ಬರೂ ದೂರುತ್ತಿದ್ದರು. ಅಣ್ಣನ ಮಗಳ ಮದುವೆಗೆ ತಮ್ಮನು ಬರಲಿಲ್ಲ. ತಮ್ಮನ ಗೃಹಪ್ರವೇಶಕ್ಕೆ ಅಣ್ಣನು ಹೋಗಲಿಲ್ಲ. ಅಳತೆ ಮಾಡಿಸಿರೆಂದು ನಾವು ಹೇಳಿದಾಗ ಅಣ್ಣನು, "ಅಳತೆ ಯಾತಕ್ಕೆ ಸ್ವಾಮಿ, ನಮ್ಮಪ್ಪ ತೋರಿಸಿದ ಬದು ನನಗೆ ಗೊತ್ತಿಲ್ಲವೇ?" ಎಂದನು. ತಮ್ಮನೂ ಅಕ್ಷರಶಃ ಅದನ್ನೇ ಅಂದನು. ಅಪ್ಪನು ಒಬ್ಬನೇ, ತೋರಿಸಿದ ಬದುಗಳು ಮಾತ್ರ ಎರಡು!

ಅವರ ಜಗಳದ ಮೂಲವನ್ನು ಲೆಕ್ಕದಿಂದ ತಿಳಿಯಬಹುದು. ನಮ್ಮ ಮೋಜಣಿಯ ಸರಪಳಿ ೩೩ ಅಡಿ. ಸರಪಳಿಯುದ್ದ, ಸರಪಳಿಯಗಲದ ನೆಲವೇ ಒಂದು ಗುಂಟೆ, ಅಂದರೆ ೧,೦೮೯ ಚದರಡಿ. ೪೦ ಗುಂಟೆಗೆ ಒಂದು ಎಕರೆ. ೧೧ ಸರಪಳಿಯುದ್ದದ ಬದು ೩ ಅಡಿ ಸರಿದರೆ ಹೋಗುವುದು ಸರಿಯಾಗಿ ಒಂದು ಗುಂಟೆ. ವರ್ಷವರ್ಷವೂ ನೇಗಿಲು ಬದುವನ್ನು ಒಂದೊಂದು ಅಂಗುಲ ಕೆರೆದರೂ ಮೂವತ್ತಾರು ವರ್ಷಕ್ಕೆ ಇಷ್ಟಾಗುತ್ತದೆ. ಅದರಲ್ಲಿ ಯಾರ ದುರುದ್ದೇಶವೂ ಇರಬೇಕಾದುದಿಲ್ಲ.

ತಂದೆಯ ಕಾಲದಲ್ಲಿಯೇ ಪೋಡಿಯಾಗಿ ಹಿಸ್ಸೆಯ ನಕ್ಷೆ ಇದ್ದುದು ಪುಣ್ಯ. ಬಹಳ ಹೇಳಿದ ಮೇಲೆ ಇಬ್ಬರೂ ಹದ್ದುಬಸ್ತಿಗೆ ಒಪ್ಪಿದರು. ಅರ್ಜಿ ಹೋಯಿತು, ಸುತ್ತಣ ಹಿಡುವಳಿದಾರರಿಗೆಲ್ಲ ನೋಟೀಸು ಬಂದಿತು, ಭೂಮಾಪಕರು ಟಿಪ್ಪಣಿಯನ್ನು ಹಿಡಿದು ಅಳೆದರು. ಕತ್ತಾಳೆಯ ಬುಡವನ್ನು ಅಗೆದಾಗ ಹಳೆಯ ಬಾಂದುಕಲ್ಲು ದೊರಕಿತು. ಬದುವಿನ ಮೂಡಣ ತುದಿಯಲ್ಲಿ ತಮ್ಮನ ನೆಲ ಅಣ್ಣನ ಕಡೆ, ಪಡುವಣ ತುದಿಯಲ್ಲಿ ಅಣ್ಣನ ನೆಲ ತಮ್ಮನ ಕಡೆ ಸೇರಿತ್ತು. ಇಬ್ಬರ ದೂರೂ ನಿಜವಾಗಿತ್ತು. ಆ ಸಂಜೆ ತಮ್ಮನು ಎಳನೀರು ಕೆತ್ತಿ ಮೊದಲನೆಯದನ್ನು ಅಣ್ಣನ ಕೈಗೆ ಕೊಟ್ಟನು. ಮಾತು ಹೆಚ್ಚಾಗಲಿಲ್ಲ.

ಈ ವಿಷಯದಲ್ಲಿ ತೋಟದವರು ಕೆಲವು ಅಂಶಗಳನ್ನು ನೆನಪಿನಲ್ಲಿಡಬೇಕು. ಎಲ್ಲೆಯ ಗುರುತುಗಳನ್ನು ಕಾಯುವ ಹೊಣೆಯನ್ನು ೧೯೬೪ರ ಭೂಕಂದಾಯ ಕಾಯಿದೆಯು ಹಿಡುವಳಿದಾರನ ಮೇಲೆಯೇ ಹೊರಿಸಿದೆ. ಕಲ್ಲನ್ನು ಕೀಳುವುದು ದಂಡನೀಯ. ಅಳತೆಯು ನಕ್ಷೆಯ ಗೆರೆಯನ್ನು ತೋರಿಸುತ್ತದೆಯೇ ಹೊರತು ಒಡೆತನದ ತಗಾದೆಯನ್ನು ತೀರಿಸುವುದಿಲ್ಲ. ಅದಕ್ಕೆ ಸಿವಿಲ್ ನ್ಯಾಯಾಲಯವೇ ಗತಿ. ಅನ್ಯನು ನಮ್ಮ ನೆಲವನ್ನು ತನ್ನದೆಂದು ಎದುರು ನಿಂತು ಬಹಿರಂಗವಾಗಿ ೧೨ ವರ್ಷ ಅನುಭವಿಸಿದರೆ ೧೯೬೩ರ ಕಾಲಮಿತಿ ಕಾಯಿದೆಯಂತೆ ನಮ್ಮ ಹಕ್ಕಿಗೇ ಕುತ್ತು ಬರಬಹುದು. ದಾರಿ, ನೀರಿನ ಕಾಲುವೆಗಳನ್ನು ಹಕ್ಕಿನಿಂದಲೇ ಎಂಬಂತೆ ೨೦ ವರ್ಷ ಅಡ್ಡಿಯಿಲ್ಲದೆ ಬಳಸಿದವನಿಗೆ ೧೮೮೨ರ ಕಾಯಿದೆಯು ಅವುಗಳ ಮೇಲೆ ಹಕ್ಕನ್ನು ಕೊಡುತ್ತದೆ. ಆದುದರಿಂದ ದಾಕ್ಷಿಣ್ಯಕ್ಕೆ ಬಿಟ್ಟ ದಾರಿಯಿದ್ದರೆ ಅದು ಅನುಮತಿಯೆಂದು ಒಂದು ಕಾಗದದಲ್ಲಿ ಬರೆದಿಡುವುದರಿಂದ ಸ್ನೇಹ ಕೆಡುವುದಿಲ್ಲ, ಉಳಿಯುತ್ತದೆ.

ತೆಂಗಿನ ಗರಿ ೧೫ ಅಡಿಗೂ ಮೀರಿ ಚಾಚುವುದರಿಂದ ಸಸಿಯನ್ನು ಎಲ್ಲೆಯಿಂದ ಅಷ್ಟು ದೂರದಲ್ಲಿ ನೆಟ್ಟರೆ ಕಾಯಿ ನೆರೆಯವನ ತಲೆಯ ಮೇಲೆ ಬೀಳುವುದಿಲ್ಲ. ಅಡಕೆಯ ತೋಟಕ್ಕೆ ನೈರುತ್ಯದ ಬಿಸಿಲು ಹಗೆ. ಕಾಂಡ ಸುಟ್ಟು ಸೀಳುತ್ತದೆ. ನೆರೆಯವನ ಅಡಕೆಗೆ ನಮ್ಮ ಬದುವಿನ ಮರಗಳು ಆ ದಿಕ್ಕಿನ ನೆರಳಾಗಿದ್ದರೆ, ಅವು ನಮ್ಮವೇ ಆದರೂ ಕಡಿಯುವ ಮುನ್ನ ಅವನಿಗೊಂದು ಮಾತು ತಿಳಿಸಿ, ಸುಣ್ಣ ಬಳಿಯಲೋ ಬೇರೆ ಮರ ಬೆಳೆಸಲೋ ಅವಕಾಶ ಕೊಡುವುದು ಗೃಹಸ್ಥಧರ್ಮ.

ಆಯುಧಪೂಜೆಯ ದಿನ ನಮ್ಮಲ್ಲಿ ಕುಡುಗೋಲಿಗೂ ಪಂಪಿಗೂ ವಿದ್ಯುತ್ ಮೀಟರಿಗೂ ಕುಂಕುಮವಿಡುವ ರೂಢಿಯುಂಟು. ಆ ಮುನ್ನಾದಿನ ಆರ್.ಸಿ.ಸಿ.ಬಿ.ಯ ಪರೀಕ್ಷಾಗುಂಡಿಯನ್ನೊತ್ತಿ ನೋಡಿ, ಅಟ್ಟದ ತಂತಿಯ ಮೇಲೆ ಬೆಳಕು ಬಿಟ್ಟು, ತೋಟದ ನಾಲ್ಕು ಮೂಲೆಯ ಕಲ್ಲುಗಳ ಸುತ್ತಣ ಕಳೆ ಕಿತ್ತು ಬಂದರೆ ಅದಕ್ಕಿಂತ ಸಾರ್ಥಕವಾದ ಪೂಜೆಯಿಲ್ಲ. ಪರೀಕ್ಷಾಗುಂಡಿಯನ್ನು ಮಾತ್ರ ತಿಂಗಳಿಗೊಮ್ಮೆ ಒತ್ತಲು ಮರೆಯಬಾರದು.