ಗಾಜಿನ ತಟ್ಟೆಯಿಂದ ರೋಗಿಯ ಹಾಸಿಗೆಗೆ

ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಯಾರದಾದರೂ ಕಣ್ಣು ಹಳದಿಯಾಯಿತೆಂದರೆ ಮೊದಲು ಹುಡುಕುವುದು ನೆಲನೆಲ್ಲಿಯನ್ನು. ಅರೆದು ಮಜ್ಜಿಗೆಯಲ್ಲಿ ಕುಡಿಸಿ, ಪಥ್ಯ ಹೇಳುತ್ತಾರೆ. ಬಹಳ ಜನರಿಗೆ ಗುಣವೂ ಆಗುತ್ತದೆ. ಕೊಳಕು ನೀರಿನಿಂದ ಬರುವ ‘ಎ’ ಬಗೆಯ ಕಾಮಾಲೆ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ ಎಂಬುದನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೀಗೆ ಗಳಿಸಿದ ಹೆಸರಿನ ಬಲದಿಂದ ಸೊಪ್ಪು, ಬೇರುಗಳು ಯಕೃತ್ತಿನ ಕ್ಯಾನ್ಸರಿನ ತನಕವೂ ಹೋಗುತ್ತವೆ.

“ಚೀನಾದ ಗಿಡಮೂಲಿಕೆಯಿಂದ ಲಿವರ್ ಕ್ಯಾನ್ಸರಿನ ಕೋಶ ಸಾಯುತ್ತದಂತೆ ಸರ್. ನಮ್ಮ ಕಾಡಿನಲ್ಲೂ ಅಂಥದ್ದು ಇರಬಹುದಲ್ಲ?” ಎಂದು ಹತ್ತನೇ ತರಗತಿಯ ಹುಡುಗನೊಬ್ಬ ಕೇಳಿದ. ಅವನ ಅಜ್ಜನಿಗೆ ಅದೇ ಕಾಯಿಲೆಯೆಂದು ಆಮೇಲೆ ತಿಳಿಯಿತು. ಎರಡು ಮಾತಿಗೂ ಉತ್ತರ ‘ಹೌದು’. ಆದರೂ ಬೇರು ಕುದಿಸಿ ಕೊಡಬೇಡಿ ಎಂದೆ. ಕಾರಣ ವಿವರಿಸಲು ಒಂದು ಪಿರಿಯಡ್ಡು ಸಾಲಲಿಲ್ಲ.

ಚೀನಾದಲ್ಲಿ ‘ಶೀ ಷು’ ಎಂಬ ಮರವಿದೆ. ‘ಸಂತಸದ ಮರ’ ಎಂದು ಅರ್ಥ. ಅಲ್ಲಿನ ಹಳೆಯ ವೈದ್ಯದಲ್ಲಿ ಅದಕ್ಕೆ ಸ್ಥಾನವುಂಟು. ಅದರಲ್ಲಿರುವ ಕ್ಯಾಂಪ್ಟೋಥೆಸಿನ್ ಎಂಬ ವಸ್ತುವಿನ ರಚನೆಯನ್ನು 1966ರಲ್ಲಿ ಅಮೆರಿಕದ ಮನ್ರೋ ವಾಲ್ ಮತ್ತು ಮಹಾರಾಷ್ಟ್ರದ ನಂದುರ್ಬಾರಿನಲ್ಲಿ ಹುಟ್ಟಿದ ಮನ್ಸುಖ್ ವಾನಿ ಪ್ರಕಟಿಸಿದರು. 1972ರಲ್ಲಿ ಮುಂಬಯಿಯ ಗೋವಿಂದಾಚಾರಿ ಮತ್ತು ವಿಶ್ವನಾಥನ್ ಅದೇ ವಸ್ತುವನ್ನು ಪಶ್ಚಿಮ ಘಟ್ಟದ ಒಂದು ಸಣ್ಣ ಮರದಲ್ಲಿ ಕಂಡರು. ಹೂವಿನ ನಾತದಿಂದಾಗಿ ಅದಕ್ಕೆ ಕನ್ನಡದಲ್ಲಿ ‘ದುರ್ವಾಸನೆ ಮರ’ ಎಂದೇ ಹೆಸರು. ಎರಡೂ ಹತ್ತಿರದ ನೆಂಟರಲ್ಲ, ಒಡಲಲ್ಲಿರುವ ವಿಷ ಮಾತ್ರ ಒಂದೇ!

ಇದು ಕೋಶವನ್ನು ಕೊಲ್ಲುವ ಬಗೆ ಸ್ವಾರಸ್ಯವಾಗಿದೆ. ಹೊಸೆದ ಹಗ್ಗದ ಎರಡು ಎಳೆಗಳನ್ನು ನಡುವೆ ಹಿಡಿದು ಬಿಡಿಸುತ್ತ ಹೋಗಿ. ಮುಂದೆ ತಿರುಚು ಬಿಗಿದು ಗಂಟಾಗುತ್ತದೆ. ಕೋಶ ಎರಡಾಗುವ ಮೊದಲು ಡಿಎನ್‌ಎ ನಕಲಾಗುವಾಗಲೂ ಹೀಗೆಯೇ. ಆಗ ಟೋಪೋಐಸೋಮರೇಸ್ ಎಂಬ ಕಿಣ್ವ ಒಂದು ಎಳೆಯನ್ನು ಕತ್ತರಿಸಿ, ತಿರುಚು ಸಡಿಲಿಸಿ, ಮತ್ತೆ ಬೆಸೆಯುತ್ತದೆ. ಕ್ಯಾಂಪ್ಟೋಥೆಸಿನ್ ಆ ಕತ್ತರಿಸಿದ ಜಾಗದಲ್ಲಿ ಬೆಣೆಯಂತೆ ಕೂತು ಬೆಸುಗೆಯನ್ನು ತಡೆಯುತ್ತದೆ. ನಕಲು ಮಾಡುತ್ತ ಬಂದ ಕಿಣ್ವಗಳು ಅಲ್ಲಿ ಎಡವಿದಾಗ ಹಗ್ಗವೇ ಹರಿದು ಕೋಶ ಸಾಯುತ್ತದೆ. ಈ ಗುಟ್ಟು ಬಯಲಾದದ್ದು 1985ರಲ್ಲಿ.

ಆದರೆ ಕೋಶ ಬೆಳೆಸುವ ಗಾಜಿನ ತಟ್ಟೆಯಲ್ಲಿ ಕರುಳಿಲ್ಲ, ಅಸ್ಥಿಮಜ್ಜೆಯಿಲ್ಲ, ಮೂತ್ರಕೋಶವಿಲ್ಲ. ಬೇಗಬೇಗನೆ ವಿಭಜಿಸುವ ಕೋಶ ಯಾರದಾದರೂ ಈ ವಿಷಕ್ಕೆ ಒಂದೇ. 1970ರ ದಶಕದಲ್ಲಿ ರೋಗಿಗಳಿಗೆ ಕೊಟ್ಟು ನೋಡಿದಾಗ ಮೂತ್ರದಲ್ಲಿ ರಕ್ತ ಬಂತು, ರಕ್ತಕಣಗಳು ಕುಸಿದವು, ಪ್ರಯೋಗ ನಿಂತಿತು. ಮೂಲವಸ್ತು ನೀರಿನಲ್ಲಿ ಸರಿಯಾಗಿ ಕರಗದೆಂದು ಸೋಡಿಯಂ ಲವಣ ಮಾಡಿ ಕೊಟ್ಟಿದ್ದರು. ಆ ರೂಪದಲ್ಲಿ ಗುಣ ಕುಂದಿತ್ತು, ವಿಷ ಉಳಿದಿತ್ತು. ಅಣುವನ್ನು ತಿದ್ದಿ ತೀಡಿ ಮಾಡಿದ ಟೋಪೊಟೆಕಾನ್, ಇರಿನೊಟೆಕಾನ್ ಮದ್ದುಗಳಿಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1996ರಲ್ಲಿ. ಮೂವತ್ತು ವರ್ಷ! ಅದೂ ಒಂದು ಅಂಡಾಶಯದ, ಇನ್ನೊಂದು ದೊಡ್ಡ ಕರುಳಿನ ಕ್ಯಾನ್ಸರಿಗೆ. ಯಕೃತ್ತಿನ ಕ್ಯಾನ್ಸರಿಗೆ ಚೀನಾದ ಆಸ್ಪತ್ರೆಗಳಲ್ಲಿ ಬಳಕೆಗೆ ಬಂದದ್ದು ಇದರ ಇನ್ನೊಂದು ಸೋದರವಸ್ತು, ಹೈಡ್ರಾಕ್ಸಿಕ್ಯಾಂಪ್ಟೋಥೆಸಿನ್. ಅದನ್ನೂ ಅಳೆದು ಸೂಜಿಯಲ್ಲೇ ಕೊಡುತ್ತಾರೆ.

ಈಗ ಅಜ್ಜನ ಕಷಾಯಕ್ಕೆ ಬನ್ನಿ. ನೀರಿನಲ್ಲಿ ಕರಗದ್ದು ಕಷಾಯಕ್ಕೆ ಎಷ್ಟು ಇಳಿದೀತು? ಮರದಿಂದ ಮರಕ್ಕೆ ಅದರ ಪ್ರಮಾಣ ಹಲವು ಪಟ್ಟು ಬದಲಾಗುತ್ತದೆ. ಇಂದಿನ ಲೋಟದಲ್ಲಿ ಎಷ್ಟು, ನಾಳೆಯದರಲ್ಲಿ ಎಷ್ಟು ಎಂದು ಹೇಳುವವರು ಯಾರು? ಬೇರಿನಲ್ಲಿರುವ ಉಳಿದ ನೂರೆಂಟು ವಸ್ತುಗಳನ್ನೂ ರೋಗ ಹಿಡಿದ ಆ ಯಕೃತ್ತೇ ಸಂಭಾಳಿಸಬೇಕು. ನಾಟಿ ವೈದ್ಯರನ್ನು ಹೀಗಳೆಯುವ ಮಾತಲ್ಲ ಇದು. ಗಿಡ ಗುರುತಿಸುವ ಅವರ ಕಣ್ಣು ನಮ್ಮ ಎಷ್ಟೋ ಪದವೀಧರರಿಗಿಲ್ಲ. ಆದರೆ ಆಸ್ಪತ್ರೆಗೆ ಹೋಗಬೇಕಾದ ಎರಡು ತಿಂಗಳು ಕಷಾಯದಲ್ಲಿ ಕಳೆದರೆ ಆ ದಿನಗಳನ್ನು ಯಾರೂ ಮರಳಿ ಕೊಡಲಾರರು. ಮರದ ಪಾಡೂ ಬೇರೆಯಲ್ಲ: ಬೆಲೆ ಬಂದದ್ದೇ ತಡ, ಘಟ್ಟದಲ್ಲಿ ಬೇರುಸಹಿತ ಕಿತ್ತು ಸಾಗಿಸಿದರು.

ಪಾಲಕರಿಗೆ ಇನ್ನೊಂದು ವಿಷಯ. ಯಕೃತ್ತಿನ ಕ್ಯಾನ್ಸರಿನ ದೊಡ್ಡ ಕಾರಣಗಳಲ್ಲಿ ‘ಬಿ’ ಬಗೆಯ ಕಾಮಾಲೆಯ ವೈರಸ್ಸು ಒಂದು. ಹೆಂಡ, ಬೂಷ್ಟು ಹಿಡಿದ ಶೇಂಗಾದ ವಿಷ ಇತ್ಯಾದಿ ಬೇರೆ ಇದ್ದೇ ಇವೆ. ಈ ವೈರಸ್ಸಿಗೆ ಲಸಿಕೆಯಿದೆ. 2011ರ ಹೊತ್ತಿಗೆ ಅದು ದೇಶದ ಎಲ್ಲ ರಾಜ್ಯಗಳ ಸರಕಾರಿ ಲಸಿಕೆ ಪಟ್ಟಿಗೆ ಸೇರಿತು. ಮೊದಲ ಡೋಸು ಮಗು ಹುಟ್ಟಿದ 24 ಗಂಟೆಯೊಳಗೆ, ಪುಕ್ಕಟೆಯಾಗಿ. ಟ್ರಂಕಿನ ತಳದಲ್ಲಿರುವ ತಾಯಿ ಕಾರ್ಡನ್ನು ಒಮ್ಮೆ ತೆಗೆದು, ‘ಹೆಪಟೈಟಿಸ್ ಬಿ’ ಎಂಬಲ್ಲಿ ತಾರೀಖು ಬರೆದಿದ್ದಾರೆಯೇ ನೋಡಿ.