ಬಿಲ್ ಇದೆಯಾ?

ಸೀಟಿನ ವಿಷಯ ಬರೀತೀನಿ ಅಂದ ತಕ್ಷಣ ಮೀಸಲು ಸೀಟಿನ ಗಲಾಟೆ ಅನ್ಕೋಬೇಡಿ ಗೆಳೆಯರೇ. ಇದು ಸೈಕಲ್ ಸೀಟಿನ ಕತೆ. ಸ್ವಲ್ಪ ಉದ್ದ ಇದೆ, ಸಮಾಧಾನವಾಗಿ ಓದಿ.

ನಮ್ಮಕ್ಕನ ಮಗ ಹಾಲುರಾಮೇಶ್ವರದಲ್ಲಿ ನಮ್ಮ ಜೊತೇಲೇ ಇದಾನೆ. ಐಟಿಐ ಮುಗಿಸಿ ಗುಡ್ಡದ ಮೇಲಿನ ಗಾಳಿಯಂತ್ರಗಳಲ್ಲಿ ಟೆಕ್ನಿಷಿಯನ್ ಕೆಲಸ. ನಮ್ಮ ಕಡೆ ಗುಡ್ಡಗಳಿಗೆ ಆ ಯಂತ್ರಗಳನ್ನ ಹತ್ತಿಸೋಕೆ ಅಂತ ಮಣ್ಣಿನ ರಸ್ತೆ ಮಾಡಿದಾರಲ್ಲ, ಕೆಲಸದ ದಿನ ಅದೇ ರಸ್ತೇಲಿ ಜೀಪಲ್ಲಿ ಹೋಗ್ತಾನೆ, ರಜೆ ದಿನ ಸೈಕಲ್ಲಲ್ಲಿ ಹೋಗ್ತಾನೆ. ಎಂಟನೇ ಕ್ಲಾಸಲ್ಲಿ ಸರ್ಕಾರ ಕೊಟ್ಟ ಸೈಕಲ್ ತುಳಿದ ಕಾಲು ಅದು. ಆ ಯೋಜನೆ 2006-07ರಲ್ಲಿ ಶುರುವಾಗಿ ಕೋವಿಡ್ ಹೊತ್ತಿಗೆ ನಿಂತು ಹೋಯ್ತು. ಎಷ್ಟು ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಆ ಸೈಕಲ್ ನಂಬಿಕೊಂಡು ಹೈಸ್ಕೂಲ್ ಮುಗಿಸಿದ್ರು ಅನ್ನೋದು ನಮ್ಮ ಕೇರಿಗಳಿಗೆ ಗೊತ್ತು. ಅದರ ಬಗ್ಗೆ ಇನ್ನೊಂದು ದಿನ ಬರೀತೀನಿ.

ಈಗ ಅವನ ಹತ್ರ ಇರೋದು ಗುಡ್ಡ ಹತ್ತಿ ಇಳಿಯೋ ಗೇರ್ ಸೈಕಲ್. ಹೋದ ವರ್ಷ ಬೋನಸ್ ಬಂದಾಗ ಬೆಂಗಳೂರಿಗೆ ಹೋಗಿ ಅದಕ್ಕೊಂದು 'ಡ್ರಾಪರ್ ಪೋಸ್ಟ್' ಹಾಕಿಸಿಕೊಂಡು ಬಂದ. ಹದಿನಾಲ್ಕು ಸಾವಿರ! ಸೀಟಿನ ಕೆಳಗಿನ ಪೈಪಿಗೆ ಹದಿನಾಲ್ಕು ಸಾವಿರ ಕೊಟ್ಟಿದಾನೆ ಅಂತ ನಮ್ಮಕ್ಕ ಎರಡು ದಿನ ಅವನ ಹತ್ರ ಮಾತಾಡಲಿಲ್ಲ.

ಆಮೇಲೆ ಅವನು ತೋರಿಸಿದ. ಹ್ಯಾಂಡಲ್ ಹತ್ರ ಒಂದು ಸಣ್ಣ ಲಿವರ್. ಹೆಬ್ಬೆರಳಲ್ಲಿ ಒತ್ತಿ ಸೀಟಿನ ಮೇಲೆ ಭಾರ ಬಿಟ್ರೆ ಸೀಟು ಒಂದು ಗೇಣು ಕೆಳಗಿಳಿಯುತ್ತೆ. ಎದ್ದು ಮತ್ತೆ ಒತ್ತಿದ್ರೆ ಟಪ್ ಅಂತ ಮೇಲೆ ಬರುತ್ತೆ. ಗುಡ್ಡ ಹತ್ತುವಾಗ ಕಾಲು ಪೂರ್ತಿ ಚಾಚಿ ತುಳಿಯೋಕೆ ಸೀಟು ಎತ್ತರ ಇರಬೇಕು. ಇಳಿಜಾರಲ್ಲಿ ಮೈಯನ್ನ ಹಿಂದಕ್ಕೆ, ಕೆಳಕ್ಕೆ ಒಯ್ಯಬೇಕು, ಆಗ ಎತ್ತರದ ಸೀಟು ಹೊಟ್ಟೆಗೆ ಗುದ್ದುತ್ತೆ, ಮುಂದಕ್ಕೆ ಮಗುಚಿ ಹಾಕುತ್ತೆ. ಅಮೆರಿಕದಲ್ಲಿ ಜೋ ಬ್ರೀಜ್ ಅನ್ನೋನು 1980ರ ದಶಕದಲ್ಲೇ ಗೆಳೆಯನ ಜೊತೆ ಸೇರಿ ಇದಕ್ಕೊಂದು ಸ್ಪ್ರಿಂಗ್ ಕಂಡುಹಿಡಿದಿದ್ದನಂತೆ. ಈಗಿನದರ ಒಳಗೆ ಇರೋದು ಒಂದು ಮುಚ್ಚಿದ ಕೊಳವೆ. ಗ್ಯಾಸಿನ ಒತ್ತಡ ಸೀಟನ್ನ ಮೇಲಕ್ಕೆ ತಳ್ಳುತ್ತೆ, ಎಣ್ಣೆ ಮತ್ತು ವಾಲ್ವ್ ಅದನ್ನ ನಿಂತ ಕಡೆ ಹಿಡಿಯುತ್ತೆ. ನಮ್ಮ ಆಫೀಸಿನ ತಿರುಗೋ ಕುರ್ಚಿ ಗೊತ್ತಲ್ಲ, ಅದರ ಅಣ್ಣತಮ್ಮ ಅನ್ಕೊಳ್ಳಿ.

ಜಗಲಿ ಮೇಲೆ ಕೂತಿದ್ದ ಅಪ್ಪ ಎಲ್ಲಾ ನೋಡಿ ಒಂದೇ ಮಾತು ಹೇಳಿದ: "ನಮ್ ಕಾಲದಲ್ಲಿ ಸೀಟು ಇಳೀತಿರಲಿಲ್ಲ ಕಣಪ್ಪ. ನಾವೇ ಇಳೀಬೇಕಿತ್ತು."

ಅಪ್ಪ ಮೊದಲಿದ್ದ ಊರಲ್ಲಿ ಕೇರಿಯವರು ಸೈಕಲ್ ಹತ್ತಿಕೊಂಡು ಊರೊಳಗಿನ ಬೀದಿ ದಾಟೋ ಹಾಗಿರಲಿಲ್ಲ. ಬೀದಿ ಶುರುವಾಗೋ ಕಡೆ ಇಳಿದು, ಚಪ್ಪಲಿ ಬಿಟ್ಟು ಹ್ಯಾಂಡಲ್‌ಗೆ ನೇತು ಹಾಕಿ, ತಳ್ಕೊಂಡು ಹೋಗಿ ಆ ಕಡೆ ಹತ್ತಬೇಕಿತ್ತು. ಸೆಕೆಂಡ್ ಹ್ಯಾಂಡ್ ಸೈಕಲ್ ತಗೊಂಡು ಮೊದಲ ದಿನವೇ ಹತ್ತಿಕೊಂಡು ಹೋದದ್ದಕ್ಕೆ ಅಪ್ಪನಿಗೆ ಬಿದ್ದ ಏಟಿನ ಗುರುತು ಇವತ್ತಿಗೂ ಮೊಣಕೈ ಮೇಲಿದೆ. ಊರಿನ ಹೆಸರು ಬೇಡ. ಈಗ ಅಲ್ಲಿ ನಮ್ಮ ಹುಡುಗರು ಬುಲೆಟ್ ಓಡಿಸ್ತಾರೆ. 1929ರಲ್ಲಿ ಚಾಳೀಸಗಾಂವ್‌ನಲ್ಲಿ ಬಾಬಾಸಾಹೇಬರಿಗೆ ಆದದ್ದನ್ನ ನೀವು ಓದಿರ್ತೀರಿ. ಟಾಂಗಾದವರು ಅವರನ್ನ ಕೂರಿಸಿಕೊಂಡು ಓಡಿಸೋಕೆ ಒಪ್ಪಲಿಲ್ಲ. ಓಡಿಸಿ ಅಭ್ಯಾಸ ಇಲ್ಲದ ನಮ್ಮವರೇ ಓಡಿಸಬೇಕಾಯ್ತು, ಸೇತುವೆ ಮೇಲೆ ಗಾಡಿ ಎಡವಿ ಅವರು ಕೆಳಗೆ ಬಿದ್ರು, ಕಾಲು ಮುರೀತು. ಬ್ಯಾರಿಸ್ಟರ್ ಆಗಿದ್ರು ಆಗಲೇ.

ಇರಲಿ, ಪೈಪಿನ ವಿಷಯಕ್ಕೆ ಬರ್ತೀನಿ.

ಮೂರು ತಿಂಗಳಿಗೆ ಸೀಟು ಇಳೀತಿತ್ತು, ಏಳೋಕೆ ಸೋಮಾರಿ ಆಯ್ತು. ಹುಡುಗ ಬೆಂಗಳೂರಿಗೆ ಹೊತ್ತುಕೊಂಡು ಹೋದ. ಅಲ್ಲಿ ಮೆಕ್ಯಾನಿಕ್ ಒಂದು ನಿಮಿಷದಲ್ಲಿ ಸರಿ ಮಾಡಿ ಕೊಟ್ಟ, ದುಡ್ಡೂ ತಗೊಳ್ಳಲಿಲ್ಲ. ತಪ್ಪು ನಮ್ಮದೇ. ಪೈಪು ಜಾರಬಾರದು ಅಂತ ಇವನು ಕ್ಲ್ಯಾಂಪಿನ ಬೋಲ್ಟನ್ನ ಗಾಳಿಯಂತ್ರದ ಬೋಲ್ಟ್ ಥರ ಬಿಗಿದಿದ್ದ. ಹೊರಗಿನ ಪೈಪು ಹಿಸುಕಿಕೊಂಡು ಒಳಗಿನದು ಸಿಕ್ಕಿಹಾಕಿಕೊಂಡಿತ್ತು. ಮೆಕ್ಯಾನಿಕ್ ಇನ್ನೂ ಕೆಲವು ಹೇಳಿಕೊಟ್ಟ. ಧೂಳು ಒರೆಸದೆ ಸೀಟು ಇಳಿಸಬಾರದು. ನಮ್ಮ ಕೆಮ್ಮಣ್ಣು ಒಳಗಿನ ಸೀಲನ್ನ ಉಪ್ಪುಕಾಗದದ ಥರ ತೇಯುತ್ತೆ. ಜೋರು ನೀರಿನ ಪೈಪು ಹಿಡಿದು ತೊಳೀಬಾರದು. ಸೀಟು ಇಳಿದಿರುವಾಗ ಸೀಟನ್ನೇ ಹಿಡಿದು ಸೈಕಲ್ ಎತ್ತಬಾರದು, ಒಳಗಿನ ಕೊಳವೆ ಹಾಳಾಗುತ್ತೆ. ಆಗಾಗ ಮೇಲಿನ ಕಾಲರ್ ಬಿಚ್ಚಿ ಒರೆಸಿ ಗ್ರೀಸ್ ಹಚ್ಚಬೇಕು. ಸೀಟು ಎಡಕ್ಕೆ ಬಲಕ್ಕೆ ಅಲ್ಲಾಡಿದ್ರೆ ಒಳಗಿನ ಸಣ್ಣ ಹಿತ್ತಾಳೆ ಪಿನ್ನುಗಳು ಸವೆದಿವೆ ಅಂತ ಅರ್ಥ, ಅವನ್ನ ಬದಲಿಸಿದ್ರೆ ಸಾಕು. ಲಿವರ್ ಒತ್ತಿದ್ರೂ ಏನೂ ಆಗದಿದ್ರೆ ಮೊದಲು ಕೇಬಲ್ ನೋಡಬೇಕು, ಕೊಳವೆಯನ್ನಲ್ಲ. ಆ ಮೆಕ್ಯಾನಿಕ್ಕಿಗೆ ಈಗಲೂ ನನ್ನ ನಮಸ್ಕಾರ. ಕೆಲಸ ಬಲ್ಲವರು ವಿದ್ಯೆ ಬಚ್ಚಿಡಲ್ಲ.

ಏಳನೇ ತಿಂಗಳಲ್ಲಿ ನಿಜವಾದ ರೋಗ ಬಂತು. ಸೀಟು ಪೂರ್ತಿ ಮೇಲಿದ್ರೂ ಕೂತ ತಕ್ಷಣ ಒಂದಿಂಚು ಕುಸಿಯುತ್ತೆ, ಸ್ಪಂಜಿನ ಥರ. ಗ್ಯಾಸು ಎಣ್ಣೆಯೊಳಗೆ ಸೇರಿಕೊಂಡ್ರೆ ಹೀಗಾಗುತ್ತೆ. ಇದು ಗ್ರೀಸ್ ಹಚ್ಚಿದ್ರೆ ಹೋಗೋ ಕಾಯಿಲೆ ಅಲ್ಲ. ಕೊಳವೆ ಮುಚ್ಚಿದ್ದು, ಬಿಚ್ಚಿ ರಿಪೇರಿ ಮಾಡೋ ಹಾಗಿಲ್ಲ, ಹೊಸದನ್ನೇ ಹಾಕಬೇಕು. ಡಬ್ಬದಲ್ಲಿದ್ದ ಕಾರ್ಡಿನ ಪ್ರಕಾರ ವಾರಂಟಿ ಒಂದು ವರ್ಷ.

ಈ ಸಲ ಅಂಗಡೀಲಿ ಆ ಮೆಕ್ಯಾನಿಕ್ ಇರಲಿಲ್ಲ. ಕೌಂಟರಲ್ಲಿದ್ದವನು ಹುಡುಗನ್ನ ಮೇಲಿಂದ ಕೆಳಗೆ ನೋಡಿ, "ಯಾರದು ಸೈಕಲ್ಲು? ಸೆಕೆಂಡ್ಸಾ? ಬಿಲ್ ಇದೆಯಾ?" ಅಂದ. ಬಿಲ್ ಮನೇಲಿತ್ತು. "ನೀರು ಹೋಗಿದೆ, ವಾರಂಟಿ ಬರಲ್ಲ" ಅಂತ ಬಿಚ್ಚಿಯೂ ನೋಡದೆ ವಾಪಸ್ ಕೊಟ್ಟ.

ಹುಡುಗ ರಾತ್ರಿ ಬಸ್ಸಲ್ಲಿ ಬಂದು ಪೈಪನ್ನ ಅಟ್ಟದ ಮೇಲೆ ಎಸೆದ. "ಬಿಡು ಮಾವ, ನನ್ ಮುಖ ನೋಡೇ ಕೇಳಿದ ಅವನು" ಅಂದ. ನಾನು ಯೋಚನೆ ಮಾಡಿದೆ. ಬಿಲ್ ಕೇಳೋದು ತಪ್ಪಲ್ಲ, ನಮ್ಮ ಕೌಂಟರಿನಲ್ಲಿ ನಾನೂ ಜನರನ್ನ ದಾಖಲೆ ಕೇಳ್ತೀನಿ. ಆದ್ರೆ ಬಿಲ್ ಕೇಳೋಕೆ ಮುಂಚೆ 'ಯಾರದು' ಅಂತ ಎಲ್ಲರನ್ನೂ ಕೇಳ್ತಾನಾ? ಅದು ಜಾತಿಯೋ, ಮಾಸಿದ ಅಂಗಿಯೋ, ನಮ್ಮ ಕಡೆ ಮಾತೋ, ಕೋರ್ಟಲ್ಲಿ ರುಜುವಾತು ಮಾಡೋಕಾಗಲ್ಲ. ಹುಡುಗನ ಮುಖದಲ್ಲಿ ಮಾತ್ರ ನನಗೆ ಅಪ್ಪನ ಮೊಣಕೈ ಕಾಣಿಸ್ತು. ಇವನೂ ಬೀದಿ ತುದೀಲಿ ಇಳಿದು ತಳ್ಕೊಂಡು ಬಂದಿದಾನೆ.

ಪೈಪನ್ನ ಅಟ್ಟದಿಂದ ಇಳಿಸಿದೆ. ನಾನು ಇಪ್ಪತ್ತು ವರ್ಷದ ಗುಮಾಸ್ತ. ಬಾಯಿಮಾತಿನ 'ಇಲ್ಲ'ಕ್ಕೆ ಕಡತದಲ್ಲಿ ಜಾಗ ಇಲ್ಲ ಅನ್ನೋದು ನನ್ನ ಇಡೀ ನೌಕರಿಯ ಪಾಠ. ಒಂದು ಪುಟದ ಪತ್ರ ಬರೆದೆ: ಕೊಂಡ ದಿನಾಂಕ, ಬಿಲ್ ನಂಬರ್, ಪೈಪಿನ ಮೇಲಿನ ಕ್ರಮಸಂಖ್ಯೆ, ದೋಷ ಏನು, ಯಾವತ್ತು ತೋರಿಸಿದ್ದು. ಕೂತಾಗ ಸೀಟು ಕುಸಿಯೋ ವಿಡಿಯೋ, ಪಕ್ಕದಲ್ಲಿ ಸ್ಕೇಲ್ ಹಿಡಿದು ತೆಗೆದದ್ದು. ಕೊನೇಲಿ ಒಂದೇ ಕೋರಿಕೆ: ವಾರಂಟಿ ಯಾಕೆ ಬರಲ್ಲ ಅನ್ನೋದನ್ನ, ಬಿಚ್ಚಿ ನೋಡಿ, ಬರಹದಲ್ಲಿ ಕೊಡಿ. ಅಂಗಡಿಗೊಂದು ಪ್ರತಿ, ಆಮದು ಮಾಡಿದ ಕಂಪನಿಗೊಂದು ಪ್ರತಿ, ಸ್ಪೀಡ್ ಪೋಸ್ಟಲ್ಲಿ. 1915ಕ್ಕೆ ಫೋನ್ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣೀಲೂ ದೂರು ಬರೆಸಿ ನಂಬರ್ ತಗೊಂಡೆ.

ಪತ್ರದಲ್ಲಿ ಇನ್ನೊಂದು ಸಾಲು ಇತ್ತು, ಇದನ್ನ ನೀವು ಬರೆದಿಟ್ಕೊಳ್ಳಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, 34ನೇ ಕಲಂ. ಹಳೇ 1986ರ ಕಾಯ್ದೇಲಿ ಎದುರು ಪಾರ್ಟಿ ಇರೋ ಊರಿಗೋ ವ್ಯವಹಾರ ನಡೆದ ಊರಿಗೋ ಹೋಗಿ ದಾವೆ ಹಾಕಬೇಕಿತ್ತು. ಹೊಸದರಲ್ಲಿ ಗ್ರಾಹಕ ವಾಸ ಇರೋ ಕಡೆ, ದುಡಿಯೋ ಕಡೆ ಹಾಕಬಹುದು. ಅಂದ್ರೆ ಬೆಂಗಳೂರಿನ ಅಂಗಡಿಯವನು ಚಿತ್ರದುರ್ಗದ ಜಿಲ್ಲಾ ಆಯೋಗಕ್ಕೆ ಬರಬೇಕು. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ. ವಕೀಲರು ಬೇಕೇಬೇಕು ಅಂತಿಲ್ಲ. ಕಾರಣ ಹುಟ್ಟಿದ ಎರಡು ವರ್ಷದೊಳಗೆ ಹಾಕಬೇಕು. ವಸ್ತು ಕೆಟ್ಟದ್ದು ಹೌದೋ ಅಲ್ಲವೋ ಅನ್ನೋದು ಪರೀಕ್ಷೆ ಮಾಡದೆ ತಿಳಿಯಲ್ಲ ಅಂದ್ರೆ ಆಯೋಗವೇ ಅದನ್ನ ಲ್ಯಾಬಿಗೆ ಕಳಿಸಬಹುದು. ನಮ್ಮ ಮೇಲಿನ ದೌರ್ಜನ್ಯಕ್ಕೆ ಇರೋ ಕಾಯ್ದೆ ನಮಗೆ ಬಾಯಿಪಾಠ. ನಾವೂ ಗ್ರಾಹಕರು, ನಾವೂ ಹದಿನಾಲ್ಕು ಸಾವಿರ ಎಣಿಸಿ ಕೊಟ್ಟವರು ಅನ್ನೋದಕ್ಕೆ ಇರೋ ಕಾಯ್ದೆಯನ್ನ ನಾನೂ ಈ ಸಲವೇ ಪೂರ್ತಿ ಓದಿದ್ದು.

ನಮ್ಮೂರ ದೇವಸ್ಥಾನದ ಕೊಳದಲ್ಲಿ ಬೇಡಿಕೊಂಡದ್ದು ನೀರಿಂದ ತೇಲಿ ಬರುತ್ತೆ ಅಂತ ದೂರದೂರಿಂದ ಜನ ಬರ್ತಾರೆ. ನಮ್ಮಕ್ಕನೂ ಹೋಗಿ ಕೈಮುಗಿದು ಬಂದ್ಲು. ನಾನು ಬೇಡ ಅನ್ನಲಿಲ್ಲ. ನಾನು ಪೋಸ್ಟಾಫೀಸಿನ ರಸೀದೀನ ಜೋಪಾನ ಮಾಡಿದೆ.

ಹದಿನಾರನೇ ದಿನ ಆಮದು ಕಂಪನಿಯಿಂದ ಫೋನ್ ಬಂತು, ಪೈಪು ಕಳಿಸಿ ಅಂದ್ರು. ಇನ್ನು ಹತ್ತು ದಿನಕ್ಕೆ ಹೊಸ ಕೊಳವೆ ಹಾಕಿ ವಾಪಸ್ ಕಳಿಸಿದ್ರು. ನೀರು ಹೋಗಿದ್ದರ ಬಗ್ಗೆ ಒಂದಕ್ಷರ ಇಲ್ಲ. ಪಿನ್ನುಗಳು ಸವೆತದ ಭಾಗ, ವಾರಂಟಿಗೆ ಬರಲ್ಲ ಅಂತ ಆರುನೂರು ತಗೊಂಡ್ರು. ಕಾರ್ಡಲ್ಲಿ ಹಾಗೇ ಬರೆದಿತ್ತು, ಕೊಟ್ವಿ. ಕೌಂಟರಿನವನು ಕ್ಷಮೆ ಕೇಳಲಿಲ್ಲ. ಅದಕ್ಕೆ ಯಾವ ಕಲಮೂ ಇಲ್ಲ.

ಹೋದ ಭಾನುವಾರ ಅಪ್ಪನೇ ಲಿವರ್ ಒತ್ತಿ ನೋಡಿದ. ಮೂರು ಸಲ ಇಳಿಸಿ ಮೂರು ಸಲ ಎಬ್ಬಿಸಿದ. ನಾಲ್ಕನೇ ಸಲ ಹುಡುಗ "ಸಾಕು ತಾತ, ಸವೆಯುತ್ತೆ" ಅಂತ ಕಿತ್ಕೊಂಡ.

ಪತ್ರದ ನಮೂನೆ ಕನ್ನಡದಲ್ಲೇ ಇದೆ. ಫೋನು, ಫ್ರಿಜ್ಜು, ಹೊಲಿಗೆ ಮೆಷೀನು, ಯಾವುದಕ್ಕಾದ್ರೂ ಬದಲಾಯಿಸಿಕೊಳ್ಳಬಹುದು. ಬೇಕಿದ್ದೋರು ಮೆಸೇಜ್ ಮಾಡಿ, ಆಫೀಸ್ ಮುಗಿದ ಮೇಲೆ ಕಳಿಸ್ತೀನಿ. ಬಿಲ್ ಮಾತ್ರ ಹುಡುಕಿಟ್ಕೊಳ್ಳಿ.

ಜೈಭೀಮ್.